ಹಿಂದಕ್ಕೆ ಸರಿಯುವ ಆಟ

ಎಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಮಾನ್ವಿಯ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದೆ. ರಾಯಚೂರಿನ ಒಂದು ಶಾಲೆಗೆ ಆಗ ಕಂಪ್ಯೂಟರ್ ಬಂತು. ಸುತ್ತಲಿನ ತಾಲೂಕುಗಳ ಶಿಕ್ಷಕರನ್ನು ಅಲ್ಲಿಗೆ ಮೂರು ದಿನದ ತರಬೇತಿಗೆ ಕರೆದರು. ನಾವು ಮೂವತ್ತು ಜನ, ಯಂತ್ರ ಒಂದೇ. ಮುಂದೆ ಕೂತವರ ತಲೆಗಳ ನಡುವಿನಿಂದ ನನಗೆ ಕಂಡದ್ದು ಒಂದು ಟೀವಿ, ಟೈಪ್‌ರೈಟರಿನಂಥ ಕೀಲಿಗಳು, ಪಕ್ಕದಲ್ಲಿ ಒಂದು ಟೇಪ್‌ರೆಕಾರ್ಡರ್. ಕ್ಯಾಸೆಟ್ಟಿನಲ್ಲಿ ಹಾಡಿನ ಬದಲು ಕೀರಲು ಸದ್ದು ಇರುತ್ತಿತ್ತು. ಯಂತ್ರಕ್ಕೆ ಕೊಡುವ ಆಜ್ಞೆಗಳೆಲ್ಲ ಆ ಸದ್ದಿನಲ್ಲೇ ತುಂಬಿರುತ್ತಿದ್ದವು, ಆ ಸದ್ದೇ ಅದಕ್ಕೆ ಪಾಠ.

ಕೊನೆಯ ದಿನ ಮಧ್ಯಾಹ್ನ ತರಬೇತಿ ಕೊಡುವವರು ನಮ್ಮ ಬೇಸರ ಕಳೆಯಲು ಒಂದು ಆಟ ಹಾಕಿದರು. ಮೇಲಿನಿಂದ ಇಳಿಯುವ ವಿಮಾನಗಳನ್ನು ಕೆಳಗಿನಿಂದ ಹೊಡೆದುರುಳಿಸಬೇಕು. ನನ್ನ ಸರದಿ ಬಂದಾಗ ಒಂದು ನಿಮಿಷವೂ ಉಳಿಯಲಿಲ್ಲ. ಎಲ್ಲರೂ ನಕ್ಕರು, ನಾನೂ ನಕ್ಕೆ. ಇದನ್ನು ಮಾಡಿದವರು ಯಾರು ಎಂದು ಕೇಳಿದೆ. ಅವರಿಗೂ ಗೊತ್ತಿರಲಿಲ್ಲ. ಆದರೆ ಆಟ ನಿಲ್ಲಿಸಿ ಅದರ ಒಳಗಿನ ಸಾಲುಗಳನ್ನು ಪರದೆಯ ಮೇಲೆ ತೋರಿಸಿದರು. ನೋಡಿದರೆ ಹೆಚ್ಚಿನವು ನಾವು ಎರಡು ದಿನದಿಂದ ಕಲಿಯುತ್ತಿದ್ದ ಆಜ್ಞೆಗಳೇ. ಎಲ್ಲೋ ಯಾರೋ ಒಬ್ಬರು ಕೂತು ಇದನ್ನು ಬರೆದಿದ್ದಾರೆ, ಹಾಗಾದರೆ ನಾನೂ ಬರೆಯಬಹುದು ಅನಿಸಿತು.

ಮಾನ್ವಿಗೆ ಮರಳುವ ಬಸ್ಸಿನ ಕಿಟಕಿಯಿಂದ ಕಾಲುವೆ ಬದಿಯ ಗದ್ದೆಗಳು ಕಾಣುತ್ತಿದ್ದವು. ಹೆಂಗಸರು ಸಾಲಾಗಿ ಬಗ್ಗಿ ಭತ್ತದ ಸಸಿ ಹಚ್ಚುತ್ತಿದ್ದರು. ನನ್ನ ತಾಯಿಯೂ ಪ್ರತಿವರ್ಷ ದೇವದುರ್ಗದ ಕಡೆಯ ನಮ್ಮ ಊರಿನಿಂದ ಹೆಂಗಸರ ಗುಂಪಿನ ಜೊತೆ ಈ ಕೆಲಸಕ್ಕೆ ಬರುತ್ತಿದ್ದಳು. ನನ್ನ ಆಟ ಯಾವುದರ ಬಗ್ಗೆ ಎಂಬುದು ಬಸ್ಸಿನಲ್ಲೇ ತೀರ್ಮಾನವಾಯಿತು.

ಮನೆಯಲ್ಲಿ ಕಂಪ್ಯೂಟರ್ ಎಲ್ಲಿಂದ ಬರಬೇಕು. ಚೌಕುಳಿ ಹಾಳೆಯ ಪುಸ್ತಕದಲ್ಲಿ ಪೆನ್ಸಿಲಿನಿಂದ ಗದ್ದೆ ಬರೆದೆ, ಆಜ್ಞೆಗಳನ್ನೂ ಅದರಲ್ಲೇ ಬರೆದೆ. ಯಂತ್ರದ ಕೋಣೆಯ ಕೀಲಿ ರಾಯಚೂರು ಶಾಲೆಯ ಭೌತಶಾಸ್ತ್ರದ ಮೇಷ್ಟ್ರ ಹತ್ತಿರ ಇತ್ತು. ನಿವೃತ್ತಿಗೆ ಹತ್ತಿರವಾಗಿದ್ದ, ಕಡಿಮೆ ಮಾತಿನ ಮನುಷ್ಯ. ಶನಿವಾರ ಬೆಳಗಿನ ಶಾಲೆ ಮುಗಿಸಿ ಬಸ್ಸು ಹತ್ತಿ ಹೋಗಿ ಅವರನ್ನು ಕೇಳಿದೆ.

“ಸರ್ಕಾರ ಇದನ್ನ ಆಟ ಆಡಾಕ ಕೊಟ್ಟಿಲ್ರಿ ಟೀಚರ್,” ಅಂದರು.

ಚೌಕುಳಿ ಪುಸ್ತಕ ತೆಗೆದು ತೋರಿಸಿದೆ. ಇದು ಒಂಬತ್ತನೇ ತರಗತಿಯ ನಕ್ಷೆಯ ಪಾಠವೇ, ಅಡ್ಡ ಎಷ್ಟು, ಉದ್ದ ಎಷ್ಟು ಅನ್ನುವುದೇ ಎಂದೆ. ಅವರು ನಾಲ್ಕೈದು ಹಾಳೆ ತಿರುವಿದರು. ಕರೆಂಟು ಇದ್ದರೆ ಶನಿವಾರ ಒಂದು ತಾಸು ಎಂದು ಒಪ್ಪಿದರು.

ಮೊದಲ ಶನಿವಾರ ಏನೂ ಅಲುಗಾಡಲಿಲ್ಲ. ಒಂದು ಅಲ್ಪವಿರಾಮ ತಪ್ಪಿತ್ತು, ಅದನ್ನು ಹುಡುಕುವಷ್ಟರಲ್ಲಿ ತಾಸು ಮುಗಿಯಿತು. ಎರಡನೆಯ ಶನಿವಾರ ಕರೆಂಟು ಇರಲಿಲ್ಲ. ಹೀಗೇ ತಿಂಗಳುಗಳು ಹೋದವು. ಬರುಬರುತ್ತಾ ಮೇಷ್ಟ್ರು ತಮ್ಮ ಕುರ್ಚಿಯನ್ನು ನನ್ನ ಪಕ್ಕಕ್ಕೆ ಎಳೆದುಕೊಂಡು ಕೂರತೊಡಗಿದರು. ಕೊನೆಗೊಂದು ದಿನ ಪರದೆಯ ಮೇಲೆ ನಕ್ಷತ್ರದಂಥ ಒಂದು ಗುರುತು ಗದ್ದೆಯಲ್ಲಿ ಮುಂದೆ ಮುಂದೆ ನಡೆಯಿತು. ಕೀಲಿ ಒತ್ತಿದಲ್ಲೆಲ್ಲ ಒಂದು ಸಣ್ಣ ಗೆರೆ ನಿಂತಿತು. ಅದು ಸಸಿ. ಕಾಲುವೆ ನೀರು ನಿಲ್ಲುವುದರೊಳಗೆ ಗದ್ದೆ ತುಂಬಿಸಬೇಕು. ಮೇಷ್ಟ್ರು ಮೂರು ಸಲ ಸೋತು ನಾಲ್ಕನೆಯ ಸಲ ಗೆದ್ದರು. ಆಟ ಬರೆದು ಮುಗಿಯಿತು ಎಂದುಕೊಂಡೆ.

ಆ ವರ್ಷದ ನಾಟಿ ಹಂಗಾಮಿನಲ್ಲಿ ತಾಯಿ ನಮ್ಮ ಮಾನ್ವಿ ತಾಲೂಕಿನ ಕುರ್ಡಿಯ ಹತ್ತಿರ ಕೆಲಸಕ್ಕೆ ಬಂದಿದ್ದಳು. ಕೆಲಸವಿಲ್ಲದ ಒಂದು ಶನಿವಾರ ಅವಳನ್ನು ರಾಯಚೂರಿಗೆ ಕರೆದುಕೊಂಡು ಹೋದೆ. ಅವಳಿಗೆ ಓದು ಬರದು. ಬೇಕಾದ ಕೀಲಿಗಳಿಗೆ ಬಣ್ಣದ ಕಾಗದ ಅಂಟಿಸಿದೆ. ಸ್ವಲ್ಪ ಹೊತ್ತು ಒತ್ತಿ ನೋಡಿ ಕೈ ತೆಗೆದಳು.

“ಇಕಿ ಯಾಕ ಮುಂದ ಹೊಂಟಾಳ?” ಅಂದಳು. “ಹಿಂಗ ಹೋದ್ರ ಹಚ್ಚಿದ ಸಸಿ ತಾನೇ ತುಳಿತಾಳ. ಹಚ್ಚೋರು ಹಿಂದಕ್ಕ ಸರೀತಾರವ್ವ. ನೀ ಮರತಿಯೇನು?”

ಮೊದಲು ಸಿಟ್ಟು ಬಂತು. ಇದು ಬರೀ ಆಟ, ಯವ್ವಾ, ಎಂದೆ. ಆಮೇಲೆ ಮುಖ ಬಿಸಿಯಾಯಿತು. ಹಾಸ್ಟೆಲ್ಲಿಗೆ ಸೇರುವ ಮೊದಲು ರಜೆಯಲ್ಲೆಲ್ಲ ಅವಳ ಪಕ್ಕದಲ್ಲೇ ನಿಂತು ಸಸಿ ಹಚ್ಚಿದವಳು ನಾನು. ಮೊಣಕಾಲವರೆಗಿನ ಕೆಸರು, ಬೆನ್ನು ನೋವು ಎಲ್ಲ ನೆನಪಿತ್ತು. ಕಾಲು ಯಾವ ಕಡೆ ಇಡುತ್ತಿದ್ದೆ ಎಂಬುದೇ ಮರೆತುಹೋಗಿತ್ತು.

ಅವಳು ಇನ್ನೊಂದು ಮಾತು ಹೇಳಿದಳು. “ಒಬ್ಬಾಕಿನ ಯಾಕ ಬಿಟ್ಟೀದಿ? ಒಬ್ಬಾಕಿ ಎಂದೂ ಹಚ್ಚಂಗಿಲ್ಲ. ಒಬ್ಬಾಕಿ ಹಿಂದ ಉಳದ್ರ ಬಾಜೂದಾಕಿ ಆಕಿ ಪಾಲಿಂದೂ ಎರಡು ಸಸಿ ಹಚ್ಚತಾಳ.”

ಮೇಷ್ಟ್ರು ನನ್ನ ಮುಖ ನೋಡಿದರು. ಸುಮಾರು ಅರ್ಧ ಆಟವನ್ನೇ ಅಳಿಸಬೇಕಿತ್ತು. ಆದರೆ ಮಾನ್ವಿಗೆ ಮರಳುವಾಗ ನನಗೆ ಬೇಸರವೇ ಇರಲಿಲ್ಲ. ಬಸ್ಸಿನಲ್ಲಿ ತಾಯಿ ನನ್ನ ಭುಜಕ್ಕೆ ಒರಗಿ ನಿದ್ದೆ ಮಾಡುತ್ತಿದ್ದಳು. ನಾನು ಅವಳನ್ನು ಎಬ್ಬಿಸದ ಹಾಗೆ ಪುಸ್ತಕ ಬಿಡಿಸಿಕೊಂಡು ಹೊಸ ಗದ್ದೆ ಬರೆಯತೊಡಗಿದ್ದೆ.

ಹೊಸ ಆಟದಲ್ಲಿ ಇಬ್ಬರು ಅಕ್ಕಪಕ್ಕ ಹಿಂದಕ್ಕೆ ಸರಿಯುತ್ತಾರೆ. ಬೆನ್ನ ಹಿಂದಿನ ಬದು ಕಾಣುವುದಿಲ್ಲ. ಒಬ್ಬರು ತಡವಾದರೆ ಇನ್ನೊಬ್ಬರು ಅವರ ಸಾಲಿಗೂ ಸಸಿ ಹಚ್ಚಬಹುದು. ಇಬ್ಬರೂ ಬದು ಮುಟ್ಟಿದರೆ ಮಾತ್ರ ಗೆಲುವು. ತಾಯಿ ಊರಿಗೆ ಹೊರಡುವ ಮುಂಚಿನ ಶನಿವಾರ ಅದು ಸಿದ್ಧವಾಯಿತು. ಅವಳೂ ಮೇಷ್ಟ್ರೂ ಒಂದೇ ಬೆಂಚಿನ ಎರಡು ತುದಿಗೆ ಕೂತರು. ಮೇಷ್ಟ್ರ ಬೆರಳು ತಡವರಿಸುತ್ತಿತ್ತು. ತಾಯಿ ಪರದೆಯಿಂದ ಕಣ್ಣು ತೆಗೆಯದೆ ಅವರ ಸಾಲಿಗೂ ಹಚ್ಚುತ್ತಾ, “ನಿಧಾನ ಬರ್ರಿ ಸರ, ನಾ ಅದೀನಿ,” ಅಂದಳು. ಮೂರನೆಯ ಆಟದಲ್ಲಿ ಇಬ್ಬರೂ ಬದು ಮುಟ್ಟಿದರು. ಅಷ್ಟು ದಿನದಲ್ಲಿ ಮೇಷ್ಟ್ರು ಬಾಯಿ ತುಂಬ ನಕ್ಕದ್ದನ್ನು ನಾನು ಅವತ್ತೇ ನೋಡಿದ್ದು.

ಮುಂದಿನ ವಾರ ಅವರೇ ತಮ್ಮ ಶಾಲೆಯ ಮುಖ್ಯೋಪಾಧ್ಯಾಯರ ಹತ್ತಿರ ಮಾತಾಡಿ ನನ್ನ ಶಾಲೆಯ ಹೆಣ್ಣುಮಕ್ಕಳಿಗೂ ಶನಿವಾರದ ತಾಸು ಕೊಡಿಸಿದರು. ಎಂಟು ಜನ ನನ್ನ ಜೊತೆ ಬಸ್ಸಿನಲ್ಲಿ ಬರತೊಡಗಿದರು. ನನ್ನ ಆಟ ಅವರಿಗೆ ಎರಡೇ ವಾರಕ್ಕೆ ಸಾಕಾಯಿತು. ಆಮೇಲೆ ತಮ್ಮದೇ ಬರೆಯಲು ಕೂತರು. ಒಬ್ಬಳು ರೊಟ್ಟಿ ಬೇಯಿಸುವ ಆಟ ಮಾಡಿದಳು. ಯಾರೇ ಆಡಿದರೂ ರೊಟ್ಟಿ ಹೊತ್ತಿಹೋಗುತ್ತಿತ್ತು. ತಪ್ಪು ಎಲ್ಲಿದೆ ಎಂದು ನನಗೆ ಕಂಡಿತ್ತು, ಹೇಳಲು ಬಾಯಿ ತೆರೆದೆ. ಅವಳು ಕೈ ಅಡ್ಡ ಹಿಡಿದು, “ತಡೀರಿ ಟೀಚರ್, ನಾನೇ ಹುಡುಕ್ತೀನಿ,” ಅಂದಳು. ಮೂರು ಶನಿವಾರ ಹಿಡಿಯಿತು. ಹುಡುಕಿದಳು.