ಹದಿನೇಳು ಡಿಗ್ರಿಯ ವೀಬೆ

ನನ್ನ ಪಕ್ಕದ ಮನೆಯ ವೀಬೆಯನ್ನು ಊರಿನವರೆಲ್ಲ ಜಿಪುಣ ಅನ್ನುತ್ತಾರೆ. ನಾನು ಹಾಗನ್ನುವುದಿಲ್ಲ. ಜಿಪುಣ ತನ್ನ ಗಂಟು ಬಿಚ್ಚುವುದಿಲ್ಲ, ಅಷ್ಟೇ. ವೀಬೆ ಪಕ್ಕದವರ ಗಂಟಿನಲ್ಲೂ ಸುಖವಾಗಿ ಬದುಕಬಲ್ಲ. ನಮ್ಮವು ಕಾಲುವೆ ದಂಡೆಯ ಮೇಲೆ ಒಂದಕ್ಕೊಂದು ಅಂಟಿಕೊಂಡು ನಿಂತ ಸಾಲುಮನೆಗಳು. ಒಂದು ಕಡೆ ನಾನು, ಇನ್ನೊಂದು ಕಡೆ ಡೌವೆ, ನಡುವೆ ವೀಬೆ. ನಾನೂ ಡೌವೆಯೂ ಮನೆ ಬೆಚ್ಚಗಿಡಲು ಗ್ಯಾಸು ಉರಿಸುತ್ತೇವೆ. ವೀಬೆ ತನ್ನ ಕುರ್ಚಿಯನ್ನು ನನ್ನ ಗೋಡೆಗೆ ಒತ್ತಿ ಹಾಕಿಕೊಂಡು ಬೆನ್ನು ಕಾಯಿಸಿಕೊಳ್ಳುತ್ತಾನೆ. ಒಂದು ಸಲ ನಾನು ಮಗಳ ಮನೆಗೆ ಹೋಗಿ ವಾರ ಕಳೆದು ಬಂದರೆ, ಬಾಗಿಲಲ್ಲೇ ಅಡ್ಡ ನಿಂತು, "ಎಲ್ಲಿಗೆ ಹೋಗಿದ್ದೆ ರೆನ್ಸ್ಕೆ? ಗೋಡೆ ಪೂರ್ತಿ ತಣ್ಣಗಾಗಿಬಿಟ್ಟಿತ್ತಲ್ಲ," ಅಂದ. ನನ್ನ ಕ್ಷೇಮ ವಿಚಾರಿಸಲು ಬಂದನೇನೋ ಅಂದುಕೊಂಡಿದ್ದೆ, ಪೆದ್ದಿ ನಾನು.

ಹಾಗಂತ ಕೆಟ್ಟವನಲ್ಲ. ಅವನು ಹುಟ್ಟಿದ್ದು ಸರಕು ದೋಣಿಯಲ್ಲಿ. ಅಪ್ಪ ಆಲೂಗಡ್ಡೆ, ಗೊಬ್ಬರ, ಜಲ್ಲಿ, ಏನು ಸಿಕ್ಕಿದರೂ ತುಂಬಿಕೊಂಡು ಕಾಲುವೆಗುಂಟ ಹೋಗುತ್ತಿದ್ದನಂತೆ. ಸಂಸಾರವೆಲ್ಲ ದೋಣಿಯ ಹಿಂಬದಿಯ ಪುಟ್ಟ ಕೋಣೆಯಲ್ಲಿ. ಅಲ್ಲಿದ್ದುದು ಒಂದೇ ಒಲೆ, ಅದನ್ನೂ ಅಡುಗೆ ಮುಗಿದ ಮೇಲೆ ಆರಿಸಿಬಿಡುವುದು. ಮಕ್ಕಳು ಚಳಿ ಅಂದರೆ ಅಮ್ಮ ಇನ್ನೊಂದು ಸ್ವೆಟರು ಕೈಗೆ ಕೊಡುತ್ತಿದ್ದಳು. ಆ ಪಾಠ ಅವನ ತಲೆಗೆ ಹೊಕ್ಕಿದ್ದು ಇವತ್ತಿಗೂ ಹೊರಗೆ ಬಂದಿಲ್ಲ.

ದೊಡ್ಡವನಾದ ಮೇಲೆ ನಮ್ಮೂರಿನ ಸೇತುವೆ ಕಾಯುವ ಕೆಲಸ ಸಿಕ್ಕಿತು. ದೋಣಿ ಬಂದರೆ ಸೇತುವೆ ಎತ್ತುವುದು, ಕೋಲಿನ ತುದಿಗೆ ದಾರದಲ್ಲಿ ಕಟ್ಟಿದ ಮರದ ಬೂಟನ್ನು ದೋಣಿಯವರ ಮೂಗಿನ ಮುಂದೆ ಇಳಿಸಿ ಅದರೊಳಗೆ ಸುಂಕ ಹಾಕಿಸಿಕೊಳ್ಳುವುದು. ಸೇತುವೆಯ ಪಕ್ಕದಲ್ಲೇ ಚರ್ಚು. ಅಲ್ಲಿ ಹಿಂಕೆ ಅನ್ನುವ ಹುಡುಗಿ ಆರ್ಗನ್ ಅಭ್ಯಾಸ ಮಾಡುತ್ತಿದ್ದಳು. ಬೇಸಿಗೆಯಲ್ಲಿ ಚರ್ಚಿನ ಕಿಟಕಿ ತೆರೆದಿದ್ದರೆ ಇವನು ಅತ್ತ ಕಿವಿ ಕೊಟ್ಟು, ಎತ್ತಿದ ಸೇತುವೆ ಇಳಿಸುವುದನ್ನೇ ಮರೆತುಬಿಡುತ್ತಿದ್ದ. ಎರಡೂ ದಂಡೆಯಲ್ಲಿ ಸೈಕಲ್ಲಿನವರು ನಿಂತು ಬೈಯುವುದು ನಮಗೆಲ್ಲ ಕೇಳುತ್ತಿತ್ತು. ಹೀಗೆ ಬೈಸಿಕೊಂಡು ಬೈಸಿಕೊಂಡೇ ಅವಳನ್ನು ಮದುವೆಯಾದ.

ಈಗ ಅವನು ನಿವೃತ್ತ. ಬೆಳಗಿನ ಕಾಫಿ ಮುಗಿಸಿ ಸೈಕಲ್ ಹತ್ತಿ ದೋಣಿಕಟ್ಟೆಗೆ ಹೋದರೆ, ತನ್ನಂಥ ಮುದುಕರ ಜೊತೆ ಬೆಂಚಿನ ಮೇಲೆ ಕೂತು, ಹೋಗುವ ಬರುವ ದೋಣಿಗಳಿಗೆಲ್ಲ ತಪ್ಪು ಹುಡುಕಿ ಸಂಜೆ ಹಿಂತಿರುಗುತ್ತಾನೆ. ಹಿಂಕೆ ಇನ್ನೂ ನಿವೃತ್ತಳಾಗಿಲ್ಲ. ಚರ್ಚಿನ ಆರ್ಗನ್ ಇಂದಿಗೂ ಅವಳದೇ, ಅದರ ಕೀಲಿಯೂ ಅವಳ ಹತ್ತಿರವೇ. ಆದರೆ ಈಚೆಗೆ ಖರ್ಚು ಅಂತ ಚರ್ಚಿನವರು ಭಾನುವಾರ ಬಿಟ್ಟು ಬೇರೆ ದಿನ ಕಟ್ಟಡ ಬೆಚ್ಚಗೆ ಮಾಡುವುದಿಲ್ಲ. ಹಾಗಾಗಿ ಅವಳ ಅಭ್ಯಾಸವೆಲ್ಲ ಮನೆಯ ಮುಂದಿನ ಕೋಣೆಯಲ್ಲಿರುವ ಪುಟ್ಟ ಆರ್ಗನ್ನಿನಲ್ಲಿ. ಆ ಕೋಣೆ ಉತ್ತರಕ್ಕೆ ಮುಖ ಮಾಡಿದೆ, ಬಿಸಿಲಿನ ಸುಳಿವಿಲ್ಲ. ಮೇಲೆ ವೀಬೆಯ ಹದಿನೇಳು ಡಿಗ್ರಿ, ಮನೆಯ ಬಿಸಿಯನ್ನು ಅದಕ್ಕಿಂತ ಏರಿಸಲು ಅವನು ಬಿಡುತ್ತಿರಲಿಲ್ಲ.

ಹೋದ ಚಳಿಗಾಲದ ಶುರುವಿನಲ್ಲಿ ಹಿಂಕೆ ನನ್ನ ಅಡುಗೆಮನೆಗೆ ಬಂದು ಕೂತು, ಕಾಫಿ ಲೋಟವನ್ನು ಎರಡು ಕೈಯಲ್ಲೂ ಅಪ್ಪಿ ಹಿಡಿದುಕೊಂಡು, ಬೆರಳು ಮರಗಟ್ಟುತ್ತಿವೆ ಅಂದಳು. ಒಂದು ಹಾಡು ಮುಗಿಸುವ ಮೊದಲೇ ಕಡ್ಡಿಯ ಹಾಗೆ ಸೆಟೆದುಕೊಳ್ಳುತ್ತವಂತೆ. ಈ ಕ್ರಿಸ್ಮಸ್ ಒಂದು ಹೇಗೋ ಬಾರಿಸಿ, ಮಾರನೇ ದಿನವೇ ಕೀಲಿಯನ್ನು ಸಭೆಯವರಿಗೆ ಒಪ್ಪಿಸಿಬಿಡುತ್ತೇನೆ, ವಯಸ್ಸಾಯಿತು ಅಂತ ಹೇಳಿದರಾಯಿತು ಅಂದಳು. ನನಗೆ ರೇಗಿಹೋಯಿತು. ನಿನಗೇನೂ ವಯಸ್ಸಾಗಿಲ್ಲ, ನಿನ್ನ ಗಂಡನಿಗೆ ತಲೆ ಇಲ್ಲ, ಇನ್ನು ನಾಲ್ಕು ಡಿಗ್ರಿ ಏರಿಸು ಅಂತ ಹೇಳು ಅಂದೆ.

"ನಾನ್ಯಾಕೆ ಹೇಳ್ಲಿ? ಇಷ್ಟು ವರ್ಷ ಜೊತೆಲಿ ಬಾಳಿದ್ಮೇಲೂ ಚಳಿ ಆಗ್ತಿದೆ ಅಂತ ಬಾಯಿಬಿಟ್ಟು ಬೇಡ್ಬೇಕಾ? ನೀನೂ ಹೇಳ್ಕೂಡ್ದು, ನನ್ನಾಣೆ."

ನಮ್ಮ ಕಡೆಯ ಹೆಂಗಸರೇ ಹಾಗೆ. ಹಲ್ಲು ಕಚ್ಚಿಕೊಂಡು ಇರುತ್ತೇವೆ ಹೊರತು ಕೇಳುವುದಿಲ್ಲ. ಆಣೆ ಬೇರೆ ಇಟ್ಟಿದ್ದಳು, ನಾನೂ ಬಾಯಿಗೆ ಬೀಗ ಹಾಕಿಕೊಂಡೆ.

ಅದೇ ಹೊತ್ತಿಗೆ ಅವರ ಮನೆಯನ್ನು ಬಿಸಿ ಮಾಡುವ ಗ್ಯಾಸ್ ಬಾಯ್ಲರು ಕೆಟ್ಟಿತು. ಹೊಸದನ್ನು ಕೂರಿಸಿದವನು, ಬಿಸಿ ಎಷ್ಟಿರಬೇಕು ಅಂತ ತಿರುಗಿಸಿ ಇಡುವ, ಗೋಡೆಯ ಮೇಲಿನ ಹಳೆಯ ಗುಂಡು ಥರ್ಮೋಸ್ಟಾಟ್ ಇದಕ್ಕೆ ಹೊಂದುವುದಿಲ್ಲ, ಫೋನಿನಿಂದ ನಡೆಸುವ ಹೊಸ ಬಗೆಯದನ್ನು ನೋಡಿಕೊಳ್ಳಿ ಅಂತ ಹೇಳಿ ಹೋದ. ಆಯಿತಲ್ಲ, ವೀಬೆಗೆ ಕೈತುಂಬ ಕೆಲಸ. ಹೆಣ್ಣು ನೋಡಲು ಹೊರಟವನಂತೆ ಬೀದಿಯ ಮನೆಮನೆಗೂ ಹೋದ, ಎಲ್ಲರ ಗೋಡೆಯ ಮುಂದೆಯೂ ಕನ್ನಡಕ ಏರಿಸಿ ನಿಂತ. ಹೋದಲ್ಲೆಲ್ಲ ಕಾಫಿ ಕುಡಿದ, ಬೆಚ್ಚಗೆ ಕೂತ, ಬೇಗ ಏಳಲೂ ಇಲ್ಲ. ಇವನಿಗೆ ಥರ್ಮೋಸ್ಟಾಟ್ ಸಿಗದಿದ್ದರೂ ಚಿಂತೆಯಿಲ್ಲ, ಚಳಿಗಾಲವಂತೂ ಕಳೆಯುತ್ತದೆ ಅಂತ ಡೌವೆ ನಗುತ್ತಿದ್ದ.

ಡೌವೆಯ ಮನೆಯದು ಮನುಷ್ಯರು ಹತ್ತಿರ ಸುಳಿದರೆ ತಾನೇ ಬೆಳಗುತ್ತಿತ್ತು. ನನ್ನನ್ನು ಕಂಡು ಹಲ್ಲು ಕಿರಿಯುವ ಯಂತ್ರ ನನಗೆ ಬೇಡ ಅಂದ ವೀಬೆ. ಮೂಲೆಮನೆಯ ಟೀಚರ್ ಮಾಯ್ಕೆಯದು ಮನೆಯವರ ಅಭ್ಯಾಸವನ್ನು ತಾನೇ ಕಲಿತುಕೊಂಡು, ಅವರು ಏಳುವ ಮೊದಲೇ ಮನೆ ಬಿಸಿ ಮಾಡಿಡುವಂಥದು. ಹಾಗಾದರೆ ಅದಕ್ಕೆ ನಾವು ಹೇಳುವುದಲ್ಲ, ಅದು ನಮಗೆ ಹೇಳುವುದು ಅಂತಾಯಿತಲ್ಲ ಅಂತ ಅದನ್ನೂ ಬಿಟ್ಟ. ನನ್ನ ಮನೆಯದನ್ನು ನೋಡಿ, ಇಪ್ಪತ್ತೊಂದು ಅಂತ ಇದ್ದದ್ದಕ್ಕೆ, ಮನೆಯಲ್ಲೇನು ಬಾಳೆ ಬೆಳೆಸುತ್ತೀಯಾ ಅಂತ ಕೇಳಿದ. ಯಾರ ಬೆನ್ನು ಕಾಯಿಸಲು ಅಷ್ಟಿಟ್ಟಿದ್ದೇನೆ ಅಂತ ನಾನೂ ಕೇಳಿದೆ.

ಕೊನೆಗೆ ಆರಿಸಿ ತಂದದ್ದು ಗ್ಯಾಸು ಉಳಿದಾಗಲೆಲ್ಲ ಫೋನಿಗೆ ಒಂದು ಹಸಿರು ಎಲೆ ಕಳಿಸಿ ಶಭಾಷ್ ಅನ್ನುವಂಥದನ್ನು. ಜೊತೆಗೆ ಇನ್ನೂ ಹೇಗೆ ಉಳಿಸಬಹುದು ಅಂತ ದಿನಕ್ಕೊಂದು ಉಪದೇಶ. ಎರಡು ವಾರದೊಳಗೆ ಹಿಡಿಸದಿದ್ದರೆ ಅಂಗಡಿಗೆ ವಾಪಸ್ ಕೊಡಬಹುದಂತೆ. ಅವನಿಗೆ ಹಿಡಿಸದೆ ಏನು? ಜೀವಮಾನದಲ್ಲಿ ಮೊದಲ ಸಲ ಅವನ ಜಿಪುಣತನವನ್ನು ಹೊಗಳುವವರು ಸಿಕ್ಕಿದ್ದರು. ದೋಣಿಕಟ್ಟೆಯ ಮುದುಕರಿಗೆಲ್ಲ ಎಲೆ ತೋರಿಸಿದ್ದೇ ತೋರಿಸಿದ್ದು. ನಿನಗೆ ಯಾವುದು ಬೇಕು ಅಂತ ಹಿಂಕೆಯನ್ನು ಮಾತ್ರ ಒಂದು ಮಾತು ಕೇಳಲಿಲ್ಲ.

ಕ್ರಿಸ್ಮಸ್‌ಗೆ ಇನ್ನು ವಾರವಿದೆ ಅನ್ನುವಾಗ ಆ ದಿನದ ಉಪದೇಶ ಬಂತು: ಮುಂದಿನ ಕೋಣೆಯಿಂದ ಶಾಖ ಸೋರಿಹೋಗುತ್ತಿದೆ, ಕತ್ತಲಾದೊಡನೆ ಕಿಟಕಿಗೆ ಪರದೆ ಎಳೆಯಿರಿ. ವೀಬೆ ಅದನ್ನು ತಿಂಡಿ ತಿನ್ನುತ್ತ ಹೆಂಡತಿಗೆ ಓದಿ ಹೇಳಿ, ಸೈಕಲ್ ಹತ್ತಿದ.

ಯಂತ್ರಕ್ಕೇನು ಗೊತ್ತು ನಮ್ಮ ಬೀದಿಯ ರೀತಿ? ನಮ್ಮಲ್ಲಿ ಪರದೆ ಇರುವುದು ಕಿಟಕಿಯ ಎರಡು ಬದಿಗೆ ಅಂದವಾಗಿ ಇಳಿಬಿಡಲು. ರಾತ್ರಿ ದೀಪ ಹಚ್ಚಿದ ಮೇಲೂ ಯಾರೂ ಎಳೆಯುವುದಿಲ್ಲ. ನಾವೇನೂ ಮುಚ್ಚಿಡುವ ಕೆಲಸ ಮಾಡುತ್ತಿಲ್ಲ, ಬೇಕಾದವರು ನೋಡಿಕೊಂಡು ಹೋಗಲಿ. ಇನ್ನು ಹಗಲಲ್ಲಿ ಪರದೆ ಎಳೆದಿದ್ದರೆ, ಆ ಮನೆಯಲ್ಲಿ ಸಾವಾಗಿದೆ ಅಂತಲೇ ಅರ್ಥ.

ಹಿಂಕೆಗೂ ಇದು ಗೊತ್ತಿತ್ತು. ಆದರೆ ಆ ದಿನ ಎಂಥ ಕೊರೆತ ಅಂದರೆ, ಕಾಲುವೆಯ ಅಂಚಿನಲ್ಲಿ ನೀರು ಹೆಪ್ಪುಗಟ್ಟಿತ್ತು. ಆರ್ಗನ್ನಿನ ಮುಂದೆ ಕೂತು ಬೆರಳು ಬಾಗದೆ, ಅರ್ಧಕ್ಕೇ ಎದ್ದು, ಪರದೆಯಿಂದಲಾದರೂ ಸ್ವಲ್ಪ ಬೆಚ್ಚಗಾದೀತು ಅಂತ ನಡುಹಗಲಲ್ಲೇ ಎಳೆದುಬಿಟ್ಟಳು. ಕಿವಿ ಮುಚ್ಚುವ ಉಣ್ಣೆ ಟೋಪಿ ಹಾಕಿಕೊಂಡು, ಎರಡು ಕಂಬಳಿ ಹೊದ್ದು ಕುರ್ಚಿಯಲ್ಲೇ ನಿದ್ದೆ ಹೋದಳು.

ನಾನು ಬ್ರೆಡ್ಡು ತರಲು ಹೊರಗೆ ಬಂದವಳು ಆ ಕಿಟಕಿ ನೋಡಿ ನಿಂತಲ್ಲೇ ನಿಂತೆ. ವೀಬೆ ಸೈಕಲ್ ಮೇಲೆ ಹೋದದ್ದನ್ನು ಕಣ್ಣಾರೆ ಕಂಡಿದ್ದೆ. ಹಾಗಾದರೆ ಹೋದವಳು ಹಿಂಕೆ. ಒಬ್ಬಳೇ ಇದ್ದವಳು ಹೋದಮೇಲೆ ಪರದೆ ಎಳೆದವರಾರು ಅಂತ ಆ ಗಾಬರಿಯಲ್ಲಿ ನನಗೆ ಹೊಳೆಯಲೇ ಇಲ್ಲ. ಹಿತ್ತಿಲ ಬಾಗಿಲು ಬಡಿದೆ, ಕೂಗಿದೆ, ಉತ್ತರವಿಲ್ಲ. ಫೋನ್ ಮಾಡಿದರೆ ಒಳಗೆ ಎಲ್ಲೋ ಡ್ರಾಯರಿನಲ್ಲಿ ಹೊಡೆದುಕೊಳ್ಳುತ್ತಿತ್ತು. ಅಯ್ಯೋ, ಆಣೆ ಮುರಿದಾದರೂ ಅವನಿಗೆ ಹೇಳಬಾರದಿತ್ತೇ ಅಂತ ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತೆ.

ಆದರೆ ನಮ್ಮಲ್ಲಿ ಸಾವಿನ ಮನೆಯ ಕೆಲಸವೆಲ್ಲ ಪಕ್ಕದ ಮನೆಯವರದು. ಬೀದಿಗೆ ಹೇಳುವುದು, ಬಂದವರಿಗೆ ಕಾಫಿ ಮಾಡುವುದು, ಎಲ್ಲ. ಕಣ್ಣೊರೆಸಿಕೊಂಡು ಕಪ್ಪು ಕೋಟು ಹಾಕಿಕೊಂಡೆ. ವೀಬೆಗೆ ಫೋನಿನಲ್ಲಿ ಹೇಳುವ ಸುದ್ದಿಯೇ ಇದು? ಬರಲಿ, ನಾವೆಲ್ಲ ಇದ್ದು ಹೇಳೋಣ ಅಂದುಕೊಂಡು ಮನೆಮನೆಗೂ ಹೋಗಿ ಬಂದೆ. ಸ್ವಲ್ಪ ಹೊತ್ತಿಗೆ ಇಡೀ ಬೀದಿ ಅವರ ಬಾಗಿಲಲ್ಲಿ. ಮಾಯ್ಕೆ ಸಕ್ಕರೆ ಹರಳಿನ ಬ್ರೆಡ್ಡು ತಂದಿದ್ದಳು, ನಾನು ಇದ್ದಬದ್ದ ಕಾಫಿಯನ್ನೆಲ್ಲ ಸೋಸಿ ತಂದಿದ್ದೆ. ಡೌವೆ ಟೋಪಿ ತೆಗೆದು ಬಾಗಿಲನ್ನು ಒಡೆಯುವುದೇ ಒಳ್ಳೆಯದು ಅನ್ನುವಷ್ಟರಲ್ಲಿ ಅದು ತಾನೇ ತೆರೆಯಿತು. ಕಿವಿ ಮುಚ್ಚುವ ಟೋಪಿಯಲ್ಲಿ, ಕಂಬಳಿ ಹೊದ್ದು ಹಿಂಕೆ ನಿಂತಿದ್ದಳು. ನಮ್ಮ ಕಪ್ಪು ಬಟ್ಟೆ ನೋಡಿ ಅವಳ ಮುಖ ಇಳಿಯಿತು.

"ಯಾರು ಹೋಗಿಬಿಟ್ರು?" ಅಂತ ಕೇಳಿದಳು.

"ನೀನೇ ಕಣೇ," ಅಂದೆ ನಾನು. ಇನ್ನೇನು ಹೇಳಲಿ?

ಆಮೇಲೆ ನಕ್ಕ ನಗು ಕಾಲುವೆಯ ಆಚೆ ದಂಡೆಗೂ ಕೇಳಿರಬೇಕು. ಬ್ರೆಡ್ಡು ಇತ್ತು, ಕಾಫಿ ಇತ್ತು, ಸತ್ತವಳೇ ಒಳಗೆ ಬನ್ನಿ ಅಂದಳು. ಎಲ್ಲರೂ ಮುಂದಿನ ಕೋಣೆಯಲ್ಲಿ ಒತ್ತಿಕೊಂಡು ಕೂತೆವು, ನಿಂತೆವು. ಗಲಾಟೆಯಲ್ಲಿ ಪರದೆ ಸರಿಸುವುದು ಯಾರಿಗೂ ನೆನಪಾಗಲಿಲ್ಲ.

ವೀಬೆ ಬೀದಿಯ ತಿರುವಿಗೆ ಬಂದಾಗ ಕಂಡದ್ದು ಅದನ್ನೇ. ತನ್ನ ಮನೆಯ ಪರದೆ ಮುಚ್ಚಿದೆ, ಬಾಗಿಲು ಹಾರು ಹೊಡೆದಿದೆ, ಒಳಗೆಲ್ಲ ಕಪ್ಪು ಕೋಟು. ಸೈಕಲ್ಲನ್ನು ನಿಲ್ಲಿಸಲೂ ಇಲ್ಲ, ಬಿಸಾಡಿದ. ಜನರನ್ನು ನೂಕಿಕೊಂಡು ಬಂದವನ ಮುಖದಲ್ಲಿ ರಕ್ತವೇ ಇರಲಿಲ್ಲ. ನನ್ನನ್ನು ನೋಡಿದ. ನಾನು ಪಕ್ಕಕ್ಕೆ ಸರಿದೆ. ಹಿಂದೆ ಹಿಂಕೆ ಬ್ರೆಡ್ಡು ಕೊಯ್ಯುತ್ತಿದ್ದಳು.

ಎಲ್ಲರ ಮುಂದೆ ಅವಳ ಎರಡೂ ಕೈ ಹಿಡಿದುಕೊಂಡ. ನಮ್ಮ ಗಂಡಸರು ಹಾಗೆಲ್ಲ ಮಾಡುವವರಲ್ಲ.

"ಇದೇನೇ, ಕೈ ಇಷ್ಟು ತಣ್ಣಗಿದೆ?"

"ಯಾವಾಗ್ಲೂ ಹಾಗೇ ಇರುತ್ತೆ, ವೀಬೆ. ನೀನು ಹಿಡಿದು ನೋಡಿಲ್ಲ, ಅಷ್ಟೇ."

ಅವಳು ಜೋರಾಗಿ ಹೇಳಲಿಲ್ಲ, ಕೋಪದಿಂದಲೂ ಹೇಳಲಿಲ್ಲ. ಅವನು ಕೈ ಬಿಡದೆ, ಹಾಗಾದರೆ ಬಾರಿಸುವುದು ಹೇಗೆ ಅಂತ ಕೇಳಿದ. ಬಾರಿಸಲಾಗುತ್ತಿಲ್ಲ, ಕ್ರಿಸ್ಮಸ್ ಮುಗಿದ ಮೇಲೆ ಕೀಲಿ ಕೊಟ್ಟುಬಿಡುತ್ತೇನೆ ಅಂದಳು.

ಅಷ್ಟು ಜನರ ಮೈಬಿಸಿಗೆ, ಕಾಫಿಯ ಹಬೆಗೆ, ಗೋಡೆಯ ಯಂತ್ರ ಬಾಯ್ಲರು ಉರಿಯದೆಯೇ ಇಪ್ಪತ್ತೊಂದು ತೋರಿಸುತ್ತಿತ್ತು. ವೀಬೆಯ ಜೇಬಿನಲ್ಲಿ ಫೋನು ಟಿಂಗ್ ಅಂದಿತು, ಹಸಿರು ಎಲೆ ಬಂದಿರಬೇಕು. ಅವನು ತೆಗೆದು ನೋಡಲಿಲ್ಲ. ಬೆರಳು ಈಗ ಸಡಿಲವಾಗಿವೆ, ಒಂದು ಹಾಡು ನೋಡೋಣ ಅಂತ ಹಿಂಕೆ ಆರ್ಗನ್ನಿನ ಮುಂದೆ ಕೂತಳು. ಒಂದಲ್ಲ, ಕ್ರಿಸ್ಮಸ್ ಬೆಳಗಿನ ಹಾಡುಗಳನ್ನೆಲ್ಲ ಒಂದಾದ ಮೇಲೊಂದು ಬಾರಿಸಿದಳು. ನಾವೆಲ್ಲ ಹಾಡಿದೆವು. ವೀಬೆ ಹಾಡಲಿಲ್ಲ, ಅವಳ ಬೆರಳುಗಳನ್ನೇ ನೋಡುತ್ತ ನಿಂತಿದ್ದ.

ಮಾರನೇ ದಿನ ಆ ಯಂತ್ರವನ್ನು ಬಿಚ್ಚಿ, ಡಬ್ಬಿಗೆ ಹಾಕಿ, ಅಂಗಡಿಗೆ ವಾಪಸ್ ಕೊಟ್ಟು ಬೇರೆಯದನ್ನು ತಂದ. ಇದನ್ನು ಗೋಡೆಗೆ ಹೊಡೆಯಬೇಕಾಗಿಲ್ಲ. ಪುಟ್ಟ ಕಾಲಿನ ಮೇಲೆ ನಿಲ್ಲುವಂಥದು, ಎಲ್ಲಿ ಇಟ್ಟರೆ ಅಲ್ಲಿನ ಚಳಿ ನೋಡಿಕೊಂಡು ಬಾಯ್ಲರಿಗೆ ಹೇಳುತ್ತದೆ. ಎಲೆಯಿಲ್ಲ, ಉಪದೇಶವಿಲ್ಲ, ಕೈಯಲ್ಲಿ ತಿರುಗಿಸಲು ಒಂದು ಬಿಲ್ಲೆ ಮಾತ್ರ. ನಾನು ಕಾಫಿ ಪಾತ್ರೆ ವಾಪಸ್ ತರುವ ನೆಪದಲ್ಲಿ ಅಲ್ಲೇ ಇದ್ದೆ. ಅವನು ಅದನ್ನು ಎತ್ತಿಕೊಂಡು ಹೋಗಿ ಆರ್ಗನ್ನಿನ ಮೇಲೆ, ಅವಳ ಕೈಗಳಿಗೆ ಎದುರಾಗಿ ಇಟ್ಟ. ಬಿಲ್ಲೆಯ ಮೇಲೆ ಬೆರಳಿಟ್ಟುಕೊಂಡು ಹಿಂತಿರುಗಿ ನೋಡಿದ.

"ಎಷ್ಟಕ್ಕೆ ಇಡ್ಬೇಕು, ಹಿಂಕೆ?"

ಸೇತುವೆ ಮರೆತು ಅವಳನ್ನು ಕಟ್ಟಿಕೊಂಡಾಗಿನಿಂದ ಆ ಪ್ರಶ್ನೆ ಅವನ ಬಾಯಲ್ಲಿ ಬಂದದ್ದು ಅದೇ ಮೊದಲು. ಹಿಂಕೆ ಏಪ್ರನ್ನಿಗೆ ಕೈ ಒರೆಸಿಕೊಂಡಳು, ಅದು ಒದ್ದೆಯಾಗಿರಲಿಲ್ಲ, ಆದರೂ ಒರೆಸಿಕೊಂಡಳು. ಇಪ್ಪತ್ತೊಂದು ಅಂದಳು. ಚೌಕಾಸಿ ಮಾಡುತ್ತಾನೆ ಅಂತ ನಾನು ಕಾದೆ. ಅವನು ಒಂದು ಸಲ ಎಂಜಲು ನುಂಗಿ, ತಿರುಗಿಸಿದ.

ಹಿತ್ತಿಲಲ್ಲಿ ಬಾಯ್ಲರು ಗುಟುರು ಹಾಕಿತು. ಹಿಂಕೆ ಕೋಣೆ ಬೆಚ್ಚಗಾಗುವವರೆಗೂ ಕಾಯಲಿಲ್ಲ, ಸ್ಟೂಲು ಎಳೆದು ಕೂತಳು. ಕೀಲಿ ವಾಪಸ್ ಕೊಡುವುದಿಲ್ಲ ಅಂತ ಸಭೆಯವರಿಗೆ ನೀನೇ ಹೇಳಿ ಬಾ ಅಂತ ಗಂಡನಿಗೆ ಹೇಳಿ, ಬಾರಿಸತೊಡಗಿದಳು.