ಷಾಕಿಗೆ ಹಾಕಿಸಿದ ಲಾಕು

ಕಿವಿಯ ಹಿಂದೆ ಸದಾ ವಾಲ್ ಟ್ಯೂಬಿನ ರಬ್ಬರ್ ತುಂಡೊಂದನ್ನು ಸಿಕ್ಕಿಸಿಕೊಂಡಿರುತ್ತಿದ್ದರು. ಗಜೇಂದ್ರಗಡದ ಆ ಸೈಕಲ್ ಮಿಸ್ತ್ರಿಯನ್ನು ಎಲ್ಲರೂ ಕಾಕಾ ಎನ್ನುತ್ತಿದ್ದರು.

ಸೂಡಿಯ ಶಾಲೆಗೆ ಪಾಠ ಹೇಳಲು ಹೋಗುವಾಗ ಏರಿನಲ್ಲಿ ನನ್ನ ಗೇರ್ ಸೈಕಲ್ಲಿನ ಮುಂದಿನ ಷಾಕ್ ಅಬ್ಸಾರ್ಬರ್ ತುಳಿದಷ್ಟೂ ಕುಗ್ಗುತ್ತಿತ್ತು. ಏರಿನಲ್ಲಿ ಅದನ್ನು ಬಿಗಿಹಿಡಿದು ಇಳಿಜಾರಿನಲ್ಲಿ ಬಿಡುವ ಲಾಕೊಂದನ್ನು ಹುಬ್ಬಳ್ಳಿಯಿಂದ ತರಿಸಿ, ಕೂರಿಸಲು ಕಾಕಾರಿಗೆ ಕೊಟ್ಟೆ. ಊರಿಗೇ ಇದು ಮೊದಲನೆಯದೆಂದು ಕಾಕಾ ಪೇಟೆಗೆಲ್ಲ ಸಾರಿದರು. ಕೂರಿಸಿದ ಮೇಲೆ ಹ್ಯಾಂಡಲ್ಲಿನ ಲಾಕಿನ ಗುಂಡಿಯೇನೋ ತಿರುಗಿತು, ಷಾಕ್ ಕುಗ್ಗುತ್ತಲೇ ಇತ್ತು. ವೈರ್ ಬಿಗಿದು "ಆತು ಅಂತ ತಿಳಕೋರಿ" ಅಂದರು. ಎಣ್ಣೆ ಬದಲಿಸಿಯೂ ಅದನ್ನೇ ಅಂದರು.

"ಕಾಕಾ, ಲಾಕ್ ಬಿತ್ತೇನ್ರಿ, ಇಲ್ಲಾ ಅಂಗಡಿಗೇ ಹಾಕ್ತೀರೇನು?" ಎಂದು ಎದುರಿನ ಚಹಾದಂಗಡಿಯವನು ದಿನವೂ ಕೂಗುತ್ತಿದ್ದ. ಕಾಕಾ ಅತ್ತ ನೋಡುವುದನ್ನೇ ಬಿಟ್ಟರು.

ಒಂದು ಸಂಜೆ ಅವನನ್ನೇ ಕರೆದು ಸೈಕಲ್ಲಿನ ಮೇಲೆ ಕೂರಿಸಿದರು. ಷಾಕ್ ಅಲುಗಲಿಲ್ಲ. ಅವನು ಇಳಿದು ತನ್ನ ಅಂಗಡಿಗೆ ಹೋದ. ಷಾಕಿನೊಳಗಿನ ಸ್ಪ್ರಿಂಗ್ ತೆಗೆದು ಗುದ್ದಲಿಯ ಕಟ್ಟಿಗೆ ಕಾವಿನ ತುಂಡು ಇಳಿಸಿದ್ದನ್ನು ಕಾಕಾ ನನಗೆ ಮಾತ್ರ ಪಿಸುಗುಟ್ಟಿದರು.

"ಹಂಗಾರ ಬಿಡಿಸೋದು ಹ್ಯಾಂಗ್ರಿ?"

"ಲಾಕ್ ಬೇಕಂದ್ರಿ. ಬಿಡಿಸೋದು ಯಾವಾಗ ಅಂದಿದ್ರಿ? ಮೆಲ್ಲಕ ಅಕ್ಕೋರ, ಅಂವಾ ಕೇಳ್ತಾನ."

ಮರುದಿನ ಬೆಳಿಗ್ಗೆ ಆ ಅಂಗಡಿಗಳ ನಡುವೆ ಹಾಯುವಾಗ, ಚಹಾದವನು ನೋಡುತ್ತಿದ್ದುದರಿಂದ, ಸೈಕಲ್ ನಿಲ್ಲಿಸಿ ಗುಂಡಿಯನ್ನು ಲಾಕಿಗೆ ತಿರುಗಿಸಿಕೊಂಡು ಹೋದೆ.