ಎದೆಗೆ ರೂಢಿಯಾಗದ ಸಪ್ಪಳ

ಬೆಂಗಳೂರಿಗೆ ಬಂದ ಮರುದಿನ ಬೆಳಗ್ಗೆ ನಮ್ಮ ಅಡುಗೆಮನೆಯ ತಟ್ಟೆಗಳು ತಾವಾಗಿಯೇ ಮಾತಾಡತೊಡಗಿದವು. ನಾನು ಚಹಾಕ್ಕೆ ನೀರಿಟ್ಟು ಒಲೆಯ ಮುಂದೆ ನಿಂತಿದ್ದೆ. ಗೂಡಿನಲ್ಲಿ ಜೋಡಿಸಿಟ್ಟ ಸ್ಟೀಲಿನ ತಟ್ಟೆಗಳು ಮೊದಲು ಸಣ್ಣಗೆ ಕಿಣಿಕಿಣಿ ಅಂದವು, ಆಮೇಲೆ ಲೋಟಗಳೂ ಸೇರಿಕೊಂಡವು. ಭೂಕಂಪವೇ ಇರಬೇಕೆಂದು ಹೊರಗಿನ ಕೋಣೆಗೆ ಓಡಿದರೆ, ಕಿಟಕಿಯ ಎದುರಿಗೆ, ನನ್ನ ಕಣ್ಣಿನ ಮಟ್ಟದಲ್ಲೇ, ಒಂದು ರೈಲು ಹೋಗುತ್ತಿತ್ತು. ಒಳಗೆ ಕಂಬಿ ಹಿಡಿದು ನಿಂತಿದ್ದ ಹೆಂಗಸೊಬ್ಬಳು ನನ್ನನ್ನು ನೋಡಿದಳು, ನಾನು ಅವಳನ್ನು ನೋಡಿದೆ. ಕೈ ತಾನಾಗಿಯೇ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಿತು. ಅಡುಗೆಮನೆಯಿಂದ ಓಡಿಬಂದ ಹೆಂಗಸನ್ನು ರೈಲಿನವರು ನೋಡಿಕೊಂಡು ಹೋಗುವ ಊರನ್ನು ನಾನು ಅದುವರೆಗೆ ಕಂಡಿರಲಿಲ್ಲ.

ನಾವು ರೋಣದ ಕಡೆಯವರು. ನಮ್ಮವರ ಸೋದರತ್ತೆಯ ಮಗ ವಿಜಯನಗರದಲ್ಲಿ ರೊಟ್ಟಿ ಖಾನಾವಳಿ ನಡೆಸುತ್ತಿದ್ದ. ಅವನು ಹುಬ್ಬಳ್ಳಿಗೆ ಹೋಗುವುದೆಂದು ನಿಶ್ಚಯವಾದಾಗ, ನಡೆಯುವ ಖಾನಾವಳಿಗೆ ಬೀಗ ಹಾಕುವುದೇಕೆಂದು ನಮ್ಮನ್ನು ಕರೆದ. ಕೆಳಗೆ ಖಾನಾವಳಿ, ಮೇಲೆ ಮನೆ. ಊಟಕ್ಕೆ ಬರುವವರೆಲ್ಲ ನಮ್ಮ ಕಡೆಯ ಹುಡುಗರು. ಓದುವವರು, ಮನೆಮನೆಗೆ ಊಟ ಮುಟ್ಟಿಸುವ ಕೆಲಸದವರು. ಬೇರೆಯವರ ಊಟವನ್ನು ದಿನವೆಲ್ಲ ಹೊತ್ತು ತಿರುಗಿ, ತಮ್ಮ ಊಟಕ್ಕೆ ನಮ್ಮಲ್ಲಿಗೆ ಬರುತ್ತಾರೆ. ರಸ್ತೆಯ ಮೇಲಿರುವುದರಿಂದಲೇ ನಮ್ಮ ಖಾನಾವಳಿ ನಡೆಯುತ್ತದೆ. ಒಳಗಿನ ಓಣಿಯಲ್ಲಿದ್ದರೆ ಯಾರೂ ಹುಡುಕಿಕೊಂಡು ಬರುವುದಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನನ್ನನ್ನು ಸಾಕಿದ ನಮ್ಮ ಅಮ್ಮ, ಅಂದರೆ ನನ್ನ ತಂದೆಯ ತಾಯಿ, ಸಪ್ಪಳದಿಂದಲೇ ಹೊತ್ತು ಹೇಳುತ್ತಿದ್ದಳು. ದನದ ಕೊರಳ ಗಂಟೆ ಹೊರಗೆ ಹೋಯಿತೆಂದರೆ ಇಷ್ಟು ಹೊತ್ತು, ಗಿರಣಿ ಟಕಟಕ ಅಂದಿತೆಂದರೆ ಇಷ್ಟು ಹೊತ್ತು, ಗಜೇಂದ್ರಗಡದ ಬಸ್ಸು ಕೆರೆಯ ಏರಿ ಹತ್ತಿತೆಂದರೆ ಒಲೆ ಹೊತ್ತಿಸುವ ಹೊತ್ತು. ಅಲ್ಲಿ ಒಂದೊಂದು ಸಪ್ಪಳಕ್ಕೂ ಒಬ್ಬ ಧಣಿ ಇರುತ್ತಿದ್ದ. ಯಾರ ಬಂಡಿ, ಯಾರ ಟ್ರ್ಯಾಕ್ಟರು, ಯಾರ ಕೆಮ್ಮು ಎಂದು ಕುಳಿತಲ್ಲೇ ಹೇಳಬಹುದಿತ್ತು. ಇಲ್ಲಿ ಲಾರಿ, ಬಸ್ಸು, ಆಟೊ, ಮೇಲೆ ರೈಲು ಎಲ್ಲವೂ ಸೇರಿ ಒಂದೇ ಗದ್ದಲ. ಯಾರ ಹಾರ್ನು ಯಾರಿಗೆ ಎಂದು ತಿಳಿಯುವುದಿಲ್ಲ, ಎಲ್ಲವೂ ನಮಗೇ ಬಾರಿಸಿದಂತೆ ಕೇಳುತ್ತದೆ. ಇಲ್ಲಿಯವರು ಸಪ್ಪಳ ಅನ್ನುವುದಿಲ್ಲ, ಸೌಂಡು ಅನ್ನುತ್ತಾರೆ. ಪಡಸಾಲೆಗೆ ಹಾಲು ಅನ್ನುತ್ತಾರೆ. "ಹಾಲಲ್ಲಿ ಕೂತ್ಕೊಳ್ಳಿ" ಎಂದು ಮನೆಯೊಡತಿ ಜಯಮ್ಮನವರು ಮೊದಲ ದಿನ ಹೇಳಿದಾಗ ನಮ್ಮವರು ಕೂರದೆ ನನ್ನ ಮುಖ ನೋಡಿದ್ದರು.

ಜಯಮ್ಮನವರು ಈ ಬಡಾವಣೆ ಆದಾಗಿನಿಂದ ಇಲ್ಲೇ ಇದ್ದವರು. ಖಾನಾವಳಿಯ ಹಿಂಗೋಡೆಗೆ ಹತ್ತಿಕೊಂಡು ಅವರ ಮನೆ. ನಾವು ಬಂದ ವಾರದಲ್ಲೇ ಒಂದು ಮುಂಜಾನೆ ಸ್ವೆಟರ್ ಹಾಕಿಕೊಂಡು ಬಾಗಿಲಿಗೆ ಬಂದರು.

"ಏನ್ರೀ ಗಿರಿಜಮ್ಮ, ಅದೇನ್ರೀ ದಬದಬ ಅಂತ? ಎದೆ ಮೇಲೆ ಬಡಿದಂಗಾಗುತ್ತೆ ಕಣ್ರೀ."

"ರೊಟ್ಟಿ ಬಡಿಯಾಕತ್ತೀನ್ರಿ ಅಮ್ಮಾರ."

"ರೊಟ್ಟಿನ ಯಾಕ್ರೀ ಬಡೀಬೇಕು? ಅದೇನ್ ತಪ್ಪು ಮಾಡ್ತು? ನಿಧಾನಕ್ಕೆ ತಟ್ಟಿ."

ಅವರು ಈ ಮಾತು ಹೇಳುತ್ತಿರುವಾಗ ಬಾಗಿಲಲ್ಲಿ ನೀರಿನ ಟ್ಯಾಂಕರೊಂದು ಹಾರ್ನು ಬಾರಿಸುತ್ತ ಹಿಂದೆ ಹಿಂದೆ ಬರುತ್ತಿತ್ತು. ನನಗೆ ಅವರ ತುಟಿ ಕಂಡಿತೇ ಹೊರತು ಅರ್ಧ ಮಾತು ಕೇಳಲಿಲ್ಲ. ಅವರಿಗೆ ಟ್ಯಾಂಕರು ಕೇಳಿಸಲೇ ಇಲ್ಲ. ನಮ್ಮವರು ಒಳಗಿನಿಂದ ಮುಸುಮುಸು ನಕ್ಕರು. ಆದರೂ ಹಿರಿಯರ ಮಾತೆಂದು ಹಲಗೆಯ ಕೆಳಗೆ ಗೋಣಿಚೀಲ ಮಡಚಿಟ್ಟು ಬಡಿಯತೊಡಗಿದೆ. ಸಪ್ಪಳ ಕಡಿಮೆಯಾಯಿತು, ರೊಟ್ಟಿಯೇನೂ ಕೆಡಲಿಲ್ಲ. ಅಂದಿನಿಂದ ಜಯಮ್ಮನವರು ಬಿಸಿ ರೊಟ್ಟಿಗೆ ತಾವೇ ಬೆಣ್ಣೆ ತರುತ್ತಾರೆ.

ಇನ್ನು ಮಲಗುವ ವಿಷಯ. ನಮ್ಮ ಕಡೆ ಮನೆಯ ಯಜಮಾನ ಬಾಗಿಲ ಬಳಿ ಮಲಗುತ್ತಾನೆ. ಹೆಂಗಸರು, ಮಕ್ಕಳು, ಕಾಳುಕಡಿ ಒಳಗೆ. ನಮ್ಮ ಮಾವನವರು ಹಾಗೆ ಮಲಗಿದರು, ಅವರ ನಂತರ ನಮ್ಮವರು. ಇಲ್ಲಿಗೆ ಬಂದ ದಿನವೇ ನಮ್ಮವರು ಹಾಲಿನಲ್ಲಿ, ಬಾಗಿಲಿಗೂ ರಸ್ತೆಯ ಕಿಟಕಿಗೂ ನಡುವೆ, ಕಂಬಳಿ ಹಾಸಿದರು. ಹಿಂದೆ ಒಂದು ಸಣ್ಣ ಕೋಣೆಯಿದೆ, ಅದರ ಕಿಟಕಿ ಹಿತ್ತಿಲ ನುಗ್ಗೆಮರದ ಕಡೆಗೆ. ಅಲ್ಲಿ ಜೋಳದ ಚೀಲಗಳ ಪಕ್ಕ ನಾನು ಮಲಗುತ್ತಿದ್ದೆ. ಮೊದಮೊದಲು ಅವರು ಬೆಳಗಿನವರೆಗೆ ಹೊರಳಾಡುತ್ತಿದ್ದರು. ಕೆಲವು ತಿಂಗಳಲ್ಲಿ, "ಈಗ ರೂಢಿ ಆತು ನೋಡ. ಲಾರಿ ಎದಿ ಮ್ಯಾಲ ಹಾದು ಹೋದ್ರೂ ಎಚ್ಚರ ಆಗಂಗಿಲ್ಲ" ಎಂದು ಹೆಮ್ಮೆಯಿಂದ ಹೇಳತೊಡಗಿದರು. ನಾನೂ ನಂಬಿದೆ. ಹೊಸ ಊರನ್ನು ಗೆದ್ದೆವು ಅನ್ನಿಸಿತ್ತು.

ಎರಡನೆಯ ವರ್ಷ ಒಂದು ದಿನ ಹಿಟ್ಟಿನ ಡಬ್ಬಿ ಹೊತ್ತು ಮೆಟ್ಟಿಲಿಳಿಯುತ್ತಿದ್ದವರು ಅರ್ಧದಲ್ಲಿ ಕುಳಿತರು. "ಏನಿಲ್ಲ, ಎದಿ ಸ್ವಲ್ಪ ಬಡಕೊಳ್ಳಾಕತ್ತೈತಿ" ಅಂದರು. ನಮ್ಮ ಕಡೆಯವರಿಗೆ ಏನಿಲ್ಲ ಅಂದರೆ ಏನೋ ಇದೆ ಎಂದೇ ಅರ್ಥ. ಹಿಂದಿನ ಬೀದಿಯ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಡಾಕ್ಟರಮ್ಮ ರಕ್ತದೊತ್ತಡ ನೋಡಿ, ಮತ್ತೊಮ್ಮೆ ನೋಡಿ, ಇಸಿಜಿ ತೆಗೆಸಿದರು. ಸದ್ಯ ಹೃದಯಕ್ಕೆ ಪೆಟ್ಟು ಬಿದ್ದಿಲ್ಲ, ಆದರೆ ಒತ್ತಡ ಹೀಗೇ ಏರಿಕೊಂಡಿದ್ದರೆ ಬೀಳುತ್ತದೆ ಎಂದರು. ಉಪ್ಪು, ಉಪ್ಪಿನಕಾಯಿ, ತಂಬಾಕು ಎಲ್ಲ ಕೇಳಿದ ಮೇಲೆ ಪೆನ್ನು ಕೆಳಗಿಟ್ಟರು.

"ನಿದ್ದೆ ಬರುತ್ತಾ ಯಜಮಾನ್ರೇ?"

"ಗಡದ್ದ ಬರ್ತೈತ್ರಿ."

"ಮನೆ ಮೇನ್ ರೋಡಲ್ಲೇ ಅಲ್ವಾ? ಯಾವ ರೂಮಲ್ಲಿ ಮಲಗ್ತೀರಾ?"

"ಬಾಗಲದಾಗ್ರಿ. ಯಜಮಾನ ಮತ್ತೆಲ್ಲಿ ಮಲಗಬೇಕ್ರಿ? ಸಪ್ಪಳ ಎಲ್ಲಾ ರೂಢಿ ಆಗೇತ್ರಿ."

"ರೂಢಿ ಆಗಿರೋದು ನಿಮಗೆ. ನಿಮ್ಮ ಹಾರ್ಟಿಗೆ ಆಗಿಲ್ಲ" ಎಂದರು ಡಾಕ್ಟರಮ್ಮ. "ನೀವು ಮಲಗಿದ್ರೂ ಕಿವಿ ಮಲಗಲ್ಲ. ಹೊರಗೆ ಹಾರ್ನ್ ಹೊಡೆದ್ರೆ ಏನೋ ಅಪಾಯ ಬಂತು ಅಂತ ಮೈ ಒಳಗೊಳಗೇ ತಯಾರಾಗುತ್ತೆ. ರಕ್ತನಾಳ ಬಿಗಿಯಾಗುತ್ತೆ, ಎದೆ ಜೋರಾಗಿ ಬಡ್ಕೊಳ್ಳುತ್ತೆ, ಬಿಪಿ ಏರುತ್ತೆ. ನಿಮಗೆ ಎಚ್ಚರಾನೂ ಆಗಿರಲ್ಲ. ಬೆಳಗ್ಗೆ ಎದ್ದು ಚೆನ್ನಾಗಿ ನಿದ್ದೆ ಮಾಡ್ದೆ ಅಂತೀರಾ. ವರ್ಷಗಟ್ಟಲೆ ಹಿಂಗೇ ನಡೆದ್ರೆ ಹಾರ್ಟು ಸೋತುಹೋಗುತ್ತೆ. ಸೌಂಡೊಂದೇ ಕಾರಣ ಅಂತ ಹೇಳ್ತಿಲ್ಲ, ಅದೂ ಒಂದು."

ನಮ್ಮವರು, "ಹಂಗಾರ ಅಂಗಡಿ ಮುಚ್ಚಿ ಊರಿಗೆ ಹೋಗಂತೀರೇನ್ರಿ?" ಎಂದು ಕೇಳಿದರು. ನಾನು ಡಾಕ್ಟರಮ್ಮನ ಮುಖ ನೋಡಿದೆ. ಹೋಗಿ ಎಂದುಬಿಟ್ಟರೆ ಏನು ಮಾಡುವುದು?

"ಊರಿಗೆ ಯಾಕೆ ಹೋಗ್ತೀರಾ? ಹಿಂದಿನ ರೂಮಿಗೆ ಹೋಗಿ. ಮಾತ್ರೆ ಮಾತ್ರ ತಪ್ಪಿಸಬೇಡಿ."

ಮಾತ್ರೆಯನ್ನು ಒಪ್ಪಿಕೊಂಡರು, ಹಿಂದಿನ ಕೋಣೆಯನ್ನಲ್ಲ. "ಜ್ವಾಳದ ಚೀಲದ ಜೋಡಿ ಮಲಗಾಕ ನಾ ಏನ್ ಇಲಿ ಏನ? ಬಾಗಲಾ ಯಾರ ಕಾಯೋರು?" ಎಂದು ದಾರಿಯುದ್ದಕ್ಕೂ ನನ್ನ ಮೇಲೆ ಹರಿಹಾಯ್ದರು. ಕಬ್ಬಿಣದ ಗೇಟಿದೆ, ಬಾಗಿಲಿಗೆ ಚಿಲಕವಿದೆ, ಜಯಮ್ಮನವರಿದ್ದಾರೆ ಎಂದೆ. "ಗೇಟಿಗೇನ್ ಮೀಸಿ ಅದಾವೇನ?" ಅಂದರು. ಕಿಟಕಿಗೆ ದಪ್ಪ ಪರದೆ ಹಾಕಿದೆ. ಧೂಳು ನಿಂತಿತು, ಹಾರ್ನು ನಿಲ್ಲಲಿಲ್ಲ. ಮರುತಿಂಗಳು ತೋರಿಸಿದಾಗ ಒತ್ತಡ ಇಳಿದಿತ್ತು, ಇಳಿಯಬೇಕಾದಷ್ಟಲ್ಲ.

ಜಯಮ್ಮನವರಿಗೆ ಹೇಳಿದೆ. ಅವರು ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದು, ನಮ್ಮವರ ಕಂಬಳಿಯ ಪಕ್ಕ ಕುರ್ಚಿ ಎಳೆದುಕೊಂಡು ಕೂತರು.

"ನಾವು ಈ ಮೇಲಿನ ಮನೇಲಿದ್ದಾಗ ನಮ್ಮ ಯಜಮಾನ್ರು ಇಲ್ಲೇ ಮಂಚ ಹಾಕ್ಕೊಂಡು ಮಲಗ್ತಾ ಇದ್ರು. ಆಗ ಮೆಟ್ರೋ ಇರ್ಲಿಲ್ಲ, ಆದ್ರೂ ಲಾರಿ ತಪ್ಪುತಾ ಇರ್ಲಿಲ್ಲ. ಹಾರ್ಟ್ ಅಟ್ಯಾಕಲ್ಲಿ ಹೋದ್ರು. ರೋಡಿಂದಾನೇ ಹೋದ್ರು ಅನ್ನಲ್ಲ ನಾನು, ಸಿಗರೇಟೂ ಇತ್ತು. ಆದ್ರೆ ನಿಮಗೆ ಹೇಳ್ದಂಗೆ ಅವರಿಗೆ ಯಾರೂ ಹೇಳ್ಲಿಲ್ಲ. ಹೇಳಿದ್ರೆ ನಾನು ಮಂಚಾನೇ ಎತ್ತಿ ಹಿಂದಕ್ಕೆ ಹಾಕ್ತಿದ್ದೆ."

ನಮ್ಮವರು ಕೈಮುಗಿದು ಕೇಳಿಸಿಕೊಂಡರು. ಆ ರಾತ್ರಿಯೂ ಕಂಬಳಿ ಬಾಗಿಲಲ್ಲೇ ಬಿದ್ದಿತ್ತು.

ಆ ದಿನಗಳಲ್ಲೇ ನಮ್ಮ ಮೈದುನನ ಮಗಳ ಕುಬಸಕ್ಕೆ ಊರಿಗೆ ಹೋದೆವು. ಬಸುರಿಗೆ ಹಸಿರು ಸೀರೆ ಉಡಿಸಿ ಉಡಿ ತುಂಬುವ ಸಂಭ್ರಮ ನಿಮಗೆ ಹೇಳಬೇಕಾಗಿಲ್ಲ. ನಮ್ಮ ಮನೆಯ ಪಡಸಾಲೆಯಲ್ಲಿ ಮೈದುನ ಒಂದು ಬದಿಗೆ ಮಲಗುತ್ತಾನೆ. ಬಾಗಿಲ ಬಳಿಯ ಜಾಗವನ್ನು ಅಣ್ಣನಿಗೆಂದು ಹಾಗೇ ಬಿಟ್ಟಿದ್ದಾನೆ, ಅಲ್ಲಿ ಅಣ್ಣನ ಹಳೆಯ ಕಂಬಳಿ ಮಡಚಿಟ್ಟಿರುತ್ತದೆ. ನಮ್ಮವರು ಹೋದವರೇ ಅದನ್ನು ಬಿಚ್ಚಿ ಹಾಸಿ ಮಲಗಿದರು. ಬೆಳಗ್ಗೆ ನೋಡಿದರೆ ಕಣ್ಣು ಕೆಂಪು.

"ಯಾಕ್ರಿ, ನಿದ್ದಿ ಬರಲಿಲ್ಲೇನು?"

"ಏನೋ ನಿಂತಂಗ ಆತು. ಗಿರಣಿ ಒಮ್ಮೆಲೆ ನಿಂತ್ರ ಹೆಂಗಾಗ್ತದ, ಹಂಗ. ನಾನ ಸತ್ತೇನೋ ಅಂತ ಎದಿ ಮುಟ್ಟಿ ನೋಡಿಕೊಂಡೆ" ಎಂದು ನಕ್ಕರು.

ಹುಟ್ಟಿ ಬೆಳೆದ ಮನೆಯ ಶಾಂತಿಯೇ ಅವರನ್ನು ಎಬ್ಬಿಸಿ ಕೂರಿಸಿತ್ತು. ನನಗೂ ಹಾಗೇ ಆಗಿತ್ತು. ಆದರೆ ನಾಲ್ಕಾರು ದಿನದಲ್ಲಿ ನಿದ್ದೆ ಹತ್ತಿತು, ಮಧ್ಯಾಹ್ನವೂ ಎಳೆಮಗುವಿನಂತೆ ಮಲಗತೊಡಗಿದರು. ಹೊರಡುವ ಮುಂಚೆ ಬಸುರಿಯನ್ನು ನೋಡಲು ಊರಿನ ನರ್ಸಮ್ಮ ಬಂದರು. ಹುಡುಗಿಯ ಬಿಪಿ ನೋಡಿ ಪಟ್ಟಿ ಬಿಚ್ಚುವಷ್ಟರಲ್ಲಿ ನಮ್ಮವರು ತಮ್ಮ ತೋಳು ಚಾಚಿದರು.

"ಯಾಕ್ರಿ ಕಾಕಾ, ನಿಮಗೂ ಕುಬಸ ಮಾಡಬೇಕೇನ್ರಿ?"

ಪಡಸಾಲೆಯಲ್ಲಿದ್ದ ಹೆಂಗಸರೆಲ್ಲ ನಕ್ಕರು. ನರ್ಸಮ್ಮ ನೋಡಿ, "ಚಲೋ ಐತಲ್ರಿ. ಗುಳಿಗಿ ಹತ್ಯಾವ ನಿಮಗ" ಎಂದರು. ಗುಳಿಗೆಗಳೇನೋ ಬೆಂಗಳೂರಿನಲ್ಲಿ ನುಂಗುತ್ತಿದ್ದ ಅವೇ. ಕೆಲಸವಿಲ್ಲದ ದಿನಗಳು, ಊರ ಮನೆಯ ಮಜ್ಜಿಗೆ, ಅದೂ ಇದ್ದೀತು. ಅವರು ತೋಳನ್ನು ಮಡಿಲಲ್ಲಿಟ್ಟುಕೊಂಡು ಬಾಗಿಲನ್ನೇ ನೋಡುತ್ತ ಬಹಳ ಹೊತ್ತು ಕೂತಿದ್ದರು. ಆಮೇಲೆ ಎದ್ದು, ಕಂಬಳಿಯನ್ನು ಮಡಚಿ, ತಮ್ಮ ಜಾಗದಲ್ಲೇ ಇಟ್ಟರು.

ವಿಜಯನಗರಕ್ಕೆ ಮರಳಿದ ದಿನ ಜಯಮ್ಮನವರು ಗೇಟಿನಲ್ಲೇ ಹಿಡಿದರು. "ನೀವಿಲ್ದೆ ಬೆಳಗ್ಗೆ ಎಚ್ಚರಾನೇ ಆಗ್ತಿರ್ಲಿಲ್ಲ ಕಣ್ರೀ. ಹಾಲಿನವನು ಬೆಲ್ ಮಾಡಿ ಮಾಡಿ ವಾಪಸ್ ಹೋದ." ಎದೆಯ ಮೇಲೆ ಬಡಿದಂತಾಗುತ್ತಿದ್ದ ರೊಟ್ಟಿಯ ಸಪ್ಪಳವೇ ಈಗ ಅವರಿಗೆ ಹೊತ್ತು ಹೇಳುತ್ತಿತ್ತು.

ಅಂದು ಊಟವಾದ ಮೇಲೆ ನಮ್ಮವರು ಎಂದಿನಂತೆ ಬಾಗಿಲ ಬಳಿ ಕಂಬಳಿ ಹಾಸಿದರು. ನನ್ನ ಮನಸ್ಸು ಕುಸಿಯಿತು. ದಿಂಬು ಇಟ್ಟರು. ತಲೆಯ ರುಮಾಲು ಬಿಚ್ಚಿ, ಸುತ್ತಿ, ದಿಂಬಿನ ಮೇಲೆ ಕೂರಿಸಿದರು. ಕೋಲನ್ನು ಪಕ್ಕಕ್ಕೆ ಒರಗಿಸಿ, ಚಪ್ಪಲಿಗಳನ್ನು ಹೊಸ್ತಿಲ ಕಡೆಗೆ ಮುಖಮಾಡಿ ಇಟ್ಟರು. ಒಮ್ಮೆ ದೂರದಿಂದ ನೋಡಿ, ದಿಂಬನ್ನು ಸ್ವಲ್ಪ ಸರಿಪಡಿಸಿ, ಬರಿದಲೆಯಲ್ಲಿ ಹಿಂದಿನ ಕೋಣೆಗೆ ಬಂದು, "ಸರಕೊ" ಎಂದರು. ನಾನು ಜೋಳದ ಚೀಲದ ಕಡೆಗೆ ಸರಿದೆ.

ಮರುದಿನ ಬೆಣ್ಣೆ ತಂದ ಜಯಮ್ಮನವರು ಬಾಗಿಲಲ್ಲಿ ನಿಂತು ದನಿ ತಗ್ಗಿಸಿ, "ಯಜಮಾನ್ರು ಇನ್ನೂ ಎದ್ದಿಲ್ವಾ?" ಎಂದು ಕೇಳಿದರು. ಒಳಗಿನಿಂದ ಗೊರಕೆ ಕೇಳಿಸಿತು. ಅವರು ರುಮಾಲನ್ನು ನೋಡಿದರು, ಹಿಂದಿನ ಕೋಣೆಯ ಕಡೆ ನೋಡಿದರು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಮೆಟ್ಟಿಲಿಳಿದರು. ಅವರ ಕಣ್ಣು ಒದ್ದೆಯಾಗಿದ್ದದ್ದು ನಗುವಿಗೋ, ಎತ್ತಿ ಹಾಕಲಾಗದ ಆ ಮಂಚದ ನೆನಪಿಗೋ, ನಾನು ಕೇಳಲಿಲ್ಲ.

ಡಾಕ್ಟರಮ್ಮ ಈಗ ಚೀಟಿ ಬರೆಯುವಾಗ ಹುಬ್ಬುಗಂಟಿಕ್ಕುವುದಿಲ್ಲ. ಮಾತ್ರೆ ನಡೆದಿದೆ, ಉಪ್ಪಿನಕಾಯಿಯ ಜಗಳವೂ ನಡೆದಿದೆ. ಊರಿಗೆ ಯಾವಾಗ ಬರುತ್ತೀರಿ ಎಂದು ಫೋನಿನಲ್ಲಿ ಕೇಳುವ ಊರಿನವರಿಗೆ ಏನು ಹೇಳಲಿ? ಅಲ್ಲಿ ಬಾಗಿಲ ಬಳಿ ಮಡಚಿಟ್ಟ ಕಂಬಳಿಯೊಂದಿದೆ, ಇಲ್ಲಿ ಬಾಗಿಲ ಬಳಿ ಹಾಸಿಟ್ಟ ಕಂಬಳಿಯೊಂದಿದೆ. ಎರಡರ ಮೇಲೂ ಯಾರೂ ಮಲಗುವುದಿಲ್ಲ, ಎರಡನ್ನೂ ಯಾರೂ ಎತ್ತುವುದಿಲ್ಲ. ಮೊದಲ ರೈಲು ಹೋಗುವಾಗ ತಟ್ಟೆಗಳು ಕಿಣಿಕಿಣಿ ಅನ್ನುತ್ತವೆ, ಹಾಲಿನಲ್ಲಿ ರುಮಾಲು ತುಸು ನಡುಗುತ್ತದೆ. ಹಿಂದೆ, ನುಗ್ಗೆಮರದ ಕಡೆ, ಅವರು ಮಗ್ಗುಲು ಬದಲಿಸದೆ ಮಲಗಿರುತ್ತಾರೆ. ನಾನು ಎದ್ದು, ಹಲಗೆಯ ಕೆಳಗಿನ ಗೋಣಿಚೀಲವನ್ನು ಸರಿಮಾಡಿ, ರೊಟ್ಟಿ ಬಡಿಯಲು ಕೂರುತ್ತೇನೆ.